ಹನ್ನೊಂದು ಗಂಟೆಯ ನಿದ್ದೆ

ಹೋದ ವಾರ ನನ್ನ ಮಗಳ ಮೊದಲ ಹಲ್ಲು ಬಿತ್ತು. ಏಳು ವರ್ಷದವಳು, ಎರಡನೇ ಕ್ಲಾಸು. ಕೆಳಸಾಲಿನ ಮುಂದಿನ ಹಲ್ಲು ಹತ್ತು ದಿನದಿಂದ ಅಲ್ಲಾಡುತ್ತಲೇ ಇತ್ತು. ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನುವಾಗ ಇಡ್ಲಿಯ ಜೊತೆಗೇ ಕಿತ್ತು ಬಂತು. ನಮ್ಮ ಕಡೆ ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯೊಳಗಿಟ್ಟು ಸೂರಿನ ಮೇಲೆ ಎಸೆಯುವುದು ವಾಡಿಕೆ. ಈಗ ಸೂರು ಹೋಗಿ ತಾರಸಿ ಬಂದಿದೆ, ತಾರಸಿಯ ಮೇಲೆ ನನ್ನ ಹೆಂಡತಿ ಮಂಜುಳ ಒಗೆದ ಬಟ್ಟೆ ಹರವಿರುತ್ತಾಳೆ. ಉಂಡೆಯನ್ನು ಯಾವ ಮೂಲೆಗೆ ಎಸೆಯಬೇಕು ಎನ್ನುವುದರ ಮೇಲೆ ಸ್ವಲ್ಪ ಹೊತ್ತು ಚರ್ಚೆ ನಡೆದು, ಕೊನೆಗೆ ಆ ಜವಾಬ್ದಾರಿ ಅವ್ವನಿಗೆ ಬಂತು.

ಅವ್ವ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದಳು. "ಇದೇ ಕಣಮ್ಮಿ ನನ್ ಹುಳ ತಿಂದಿದ್ದು," ಅಂದಳು. ನಾವೆಲ್ಲ ನಕ್ಕೆವು. ಆರು ವರ್ಷದಿಂದ ನಮ್ಮ ಮನೆಯಲ್ಲಿ ನಡೆದುಬಂದಿರುವ ತಮಾಷೆ ಅದು. ನೆಂಟರು ಬಂದರೂ ಅಷ್ಟೆ, ಮಗಳ ಗಲ್ಲ ಹಿಡಿದು ಬಾಯಿ ತೆರೆಸಿ, ಅಜ್ಜಿಯ ಹುಳ ನುಂಗಿದ ಹಲ್ಲು ಯಾವುದು ತೋರಿಸು ಎನ್ನುತ್ತಾರೆ.

ನಾನು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ತಪ್ಪು ಲೆಕ್ಕ ಕಣ್ಣಿಗೆ ಬಿದ್ದರೆ ಸುಮ್ಮನಿರಲು ಬರುವುದಿಲ್ಲ. ಅವ್ವನ ಅಂಗೈಯಲ್ಲಿದ್ದದ್ದು ಎಂಟನೇ ತಿಂಗಳಲ್ಲಿ ಬಂದ ಹಲ್ಲು, ಅದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಆರೋಪ ಇರುವುದು ಹದಿಮೂರು ತಿಂಗಳು ತುಂಬಿದ ಮೇಲೆ ಬಂದ ದವಡೆ ಹಲ್ಲುಗಳ ಮೇಲೆ, ಅವು ಇನ್ನೂ ಅವಳ ಬಾಯಲ್ಲಿ ಗಟ್ಟಿಯಾಗಿ ಕೂತಿವೆ. ಇದನ್ನು ಹೇಳಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡೆ. ಏಕೆಂದರೆ ದವಡೆ ಹಲ್ಲುಗಳೂ ನಿರಪರಾಧಿಗಳೇ. ತಪ್ಪು ಯಾರದು ಎಂದು ಇಷ್ಟು ವರ್ಷ ಗೊತ್ತಿದ್ದವನು ನಾನೊಬ್ಬನೇ. ನಿಮಗೆ ಹೇಳಿಬಿಡುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳಬೇಕಾಗುತ್ತದೆ.

ಹುಳ ಅಂದರೆ ರೇಷ್ಮೆ ಹುಳ. ನಮ್ಮದು ಗುಮ್ಮಳಾಪುರದ ಪಕ್ಕದ ಹಳ್ಳಿ. ಜೋರಾಗಿ ಕೂಗಿದರೆ ಕರ್ನಾಟಕಕ್ಕೆ ಕೇಳುತ್ತದೆ, ರೇಷನ್ ಕಾರ್ಡು ಮಾತ್ರ ತಮಿಳಿನಲ್ಲಿದೆ. ಅಪ್ಪ ಇದ್ದಾಗ ರಾಗಿ, ಅವರೆ, ಹಸು ಎಲ್ಲ ಅಪ್ಪನದು. ಹುಳ ಮಾತ್ರ ಮೊದಲಿನಿಂದಲೂ ಅವ್ವನದು. ಮನೆಯ ಪಕ್ಕಕ್ಕೆ ಉದ್ದನೆಯ ಹುಳದ ಮನೆ, ಅದರ ಹಿಂದೆ ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟ. ನಾವು ಅದನ್ನು ಸೊಪ್ಪಿನ ತೋಟ ಅಂತಲೇ ಕರೆಯುವುದು. ಸುತ್ತಲ ನಾಲ್ಕು ಊರಿನಲ್ಲಿ ಯಾರ ಮನೆಯ ಹುಳ ಸೊಪ್ಪು ತಿನ್ನುವುದು ಬಿಟ್ಟರೂ ಅವ್ವನನ್ನು ಕರೆದುಕೊಂಡು ಹೋಗಲು ಬರುತ್ತಿದ್ದರು. ಅವ್ವ ಹೋಗಿ, ಒಂದು ಹುಳ ಎತ್ತಿ ಅಂಗೈ ಮೇಲೆ ಬಿಟ್ಟುಕೊಂಡು ನೋಡಿ, ಸೊಪ್ಪು ಎಳೆಯದಾಯಿತು ಎಂದೋ ಗಾಳಿ ಸಾಲದು ಎಂದೋ ಹೇಳಿ ಬರುತ್ತಿದ್ದಳು. ಬಂದ ಮೇಲೆ ಒಂದು ದಿನವೆಲ್ಲ ಅವಳ ನಡಿಗೆಯೇ ಬೇರೆ ಇರುತ್ತಿತ್ತು.

ಹುಳಕ್ಕೆ ವಾಸನೆ ಆಗದು. ಸೊಳ್ಳೆ ಬತ್ತಿ, ಊದುಬತ್ತಿ, ಬೀಡಿ, ಮೆಣಸಿನಕಾಯಿ ಒಗ್ಗರಣೆ, ಘಮಘಮ ಎಣ್ಣೆ, ಪೌಡರು, ಯಾವುದೂ ಹತ್ತಿರ ಸುಳಿಯಕೂಡದು. ನನ್ನ ಮದುವೆಯಾದ ವಾರ ಸೆಂಟು ಹಾಕಿಕೊಂಡು ಮಂಜುಳನಿಗೆ ಹುಳದ ಮನೆ ತೋರಿಸಲು ಹೋದೆ. ಅವ್ವ ಬಾಗಿಲಲ್ಲೇ ತಡೆದು ಸೊಸೆಯನ್ನು ಒಳಗೆ ಬಿಟ್ಟುಕೊಂಡು ನನ್ನನ್ನು ಹೊರಗೆ ನಿಲ್ಲಿಸಿದಳು. ಮಂಜುಳ ಸೂಳಗಿರಿ ಕಡೆಯವಳು, ಮನೆಮಾತು ತೆಲುಗು. ಆಗಿನ್ನೂ ಅತ್ತೆಯ ಕನ್ನಡ ಪೂರ್ತಿ ಅರ್ಥವಾಗದಿದ್ದರೂ ಇದೊಂದು ಚೆನ್ನಾಗಿ ಅರ್ಥವಾಯಿತಂತೆ.

ಮಗಳು ಹುಟ್ಟಿ ಹತ್ತು ತಿಂಗಳಿಗೆ ಮಂಜುಳ ಕೆಲಸಕ್ಕೆ ವಾಪಸು ಹೋದಳು. ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು, ಸಂಜೆ ಆರಕ್ಕೆ ಮನೆ. ನನಗೆ ಆಗ ಕಾಯಂ ಎರಡನೇ ಶಿಫ್ಟು. ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಮನೆ ಬಿಟ್ಟರೆ ಸರಿಯಾಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಮಗು ನನ್ನದು, ಮಧ್ಯಾಹ್ನದ ಮೇಲೆ ಅವ್ವನದು. ಬೆಳಿಗ್ಗೆ ಅವ್ವ ಹುಳಕ್ಕೆ ಮೊದಲ ಸೊಪ್ಪು ಕೊಟ್ಟು ತೋಟಕ್ಕೆ ಹೋಗುವಳು, ಊಟದ ಹೊತ್ತಿಗೆ ಹೊರೆ ತರುವಳು. ಮಗು ಒಂಬತ್ತೂವರೆಗೆ ನನ್ನ ಹತ್ತಿರ ಒಂದು ನಿದ್ದೆ, ಎರಡಕ್ಕೆ ಅವ್ವನ ಹತ್ತಿರ ಇನ್ನೊಂದು ನಿದ್ದೆ ಮಾಡುತ್ತಿತ್ತು. ಅದು ಮಲಗಿದ ಹೊತ್ತಿನಲ್ಲಿ ಅವ್ವ ಕೈಕಾಲು ತೊಳೆದು ಹುಳಕ್ಕೆ ಎರಡನೇ ಸೊಪ್ಪು ಹಾಕಿ ಬರುತ್ತಿದ್ದಳು. ಮೂರು ತಿಂಗಳು ಇದು ಎಷ್ಟು ಸಲೀಸಾಗಿ ನಡೆಯಿತೆಂದರೆ, ಮಕ್ಕಳನ್ನು ಸಾಕುವುದು ಕಷ್ಟ ಎಂದು ಜನ ಯಾಕೆ ಗೋಳಾಡುತ್ತಾರೋ ಎಂದು ನಾನು ಬಸ್ಸಿನಲ್ಲಿ ಒಂದಿಬ್ಬರಿಗೆ ಉಪದೇಶವನ್ನೂ ಕೊಟ್ಟೆ.

ಮಂಜುಳನಿಗೆ ಮಾತ್ರ ಮಗುವಿನದೇ ಚಿಂತೆ. ಮಗು ಎಷ್ಟೊತ್ತಿಗೆ ಮಲಗಿತು, ಎಷ್ಟು ಕುಡಿಯಿತು ಎಂದು ಅವಳು ಬಂದಾಗ ಹೇಳಲು ನಾನು ಇರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ನಮಗೆ ಗಂಟೆಗೊಮ್ಮೆ ತುಂಬುವ ಚೆಕ್ ಶೀಟು ಇರುತ್ತದೆ. ಅದೇ ಮಾದರಿಯಲ್ಲಿ ಮಗುವಿಗೂ ಒಂದು ಮಾಡಿದೆ. ಅಡ್ಡಗೆರೆ, ಉದ್ದಗೆರೆ, ನಿದ್ದೆಗೊಂದು ಮನೆ, ಹಾಲಿಗೊಂದು, ಹಲ್ಲಿಗೊಂದು. ಕ್ಯಾಲೆಂಡರಿನ ಕೆಳಗೆ ಮೊಳೆಗೆ ಸಿಕ್ಕಿಸಿ ಪಕ್ಕದಲ್ಲಿ ದಾರಕ್ಕೆ ಪೆನ್ನು ಕಟ್ಟಿದೆ. ಅವ್ವ ಓದಿದವಳಲ್ಲ, ಆದರೆ ಅಂಕಿ ಗೊತ್ತು. ಹೊರೆ ಇಳಿಸಿ ಬಂದವಳು ಮೊದಲು ಶೀಟು ನೋಡಿ ಆಮೇಲೆ ಮಗುವನ್ನು ನೋಡುತ್ತಿದ್ದಳು. ನಮ್ಮ ಲೈನಿನಲ್ಲಿ ಕೆಲವರು ಶಿಫ್ಟಿನ ಕೊನೆಯಲ್ಲಿ ಕೂತು ಎಂಟು ಗಂಟೆಯ ಅಂಕಿಗಳನ್ನೂ ಒಂದೇ ಉಸಿರಿಗೆ ಬರೆಯುತ್ತಾರೆ. ನಾನು ಒಂದು ದಿನವೂ ಹಾಗೆ ಮಾಡಿದವನಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನನ್ನ ಪರವಾಗಿ ಹೇಳಲು ಬೇರೆ ಏನೂ ಇಲ್ಲ.

ಹದಿಮೂರು ತಿಂಗಳಿಗೆ ಮಗುವಿನ ದಿನಚರಿ ಕದಡಿತು. ಒಂಬತ್ತೂವರೆಯ ನಿದ್ದೆಗೆ ತೊಟ್ಟಿಲಲ್ಲಿ ಹಾಕಿದರೆ ಎದ್ದು ನಿಂತು ಹಗ್ಗ ಹಿಡಿದು ಕುಣಿಯುವುದು, ಹನ್ನೊಂದರ ಹೊತ್ತಿಗೆ ನಿಂತಲ್ಲೇ ತೂಕಡಿಸುವುದು. ಮಂಜುಳನ ಲೈನಿನ ಹೆಂಗಸೊಬ್ಬಳು, ಎರಡು ಮಕ್ಕಳ ತಾಯಿ, ಕಾರಣ ಹೇಳಿದ್ದಳು. ಎರಡು ನಿದ್ದೆ ಒಂದಾಗುವ ವಯಸ್ಸು ಅದು; ಬೆಳಗಿನ ನಿದ್ದೆಯನ್ನು ದಿನಕ್ಕೆ ಕಾಲು ಗಂಟೆ ಮುಂದಕ್ಕೆ ತಳ್ಳುತ್ತ ಹೋಗಿ ಊಟದ ಮೇಲೆ ತಂದು ನಿಲ್ಲಿಸಬೇಕು, ಆಗ ಮಗು ಮಧ್ಯಾಹ್ನ ಎರಡು ಗಂಟೆ ಗಟ್ಟಿಯಾಗಿ ಮಲಗುತ್ತದೆ. ಸರಿಯಾದ ಸಲಹೆ. ನಾನೇ ಶೀಟಿನಲ್ಲಿ ಹೊಸ ಸಾಲು ಎಳೆದೆ.

ಹನ್ನೊಂದು ಗಂಟೆಯವರೆಗೆ ತಳ್ಳಿದೆ. ಅಲ್ಲಿಂದ ಮುಂದೆ ತಳ್ಳಲು ನನ್ನಿಂದ ಆಗಲಿಲ್ಲ. ಕಾರಣ ಮಗುವಲ್ಲ, ನಾನು. ಎರಡನೇ ಶಿಫ್ಟು ಮುಗಿಸಿ ಬಂದು ಮಲಗುವಾಗ ದಿನ ಬದಲಾಗಿರುತ್ತಿತ್ತು, ಬೆಳಿಗ್ಗೆ ಆರೂವರೆಗೆ ಎದ್ದಿರುತ್ತಿದ್ದೆ. ಹನ್ನೊಂದಾಗುವಾಗ ಕಣ್ಣಿಗೆ ಮರಳು ಹಾಕಿದಂತಾಗುತ್ತಿತ್ತು. ಒಂದು ದಿನ ಚಾಪೆಯ ಮೇಲೆ ಅಂಗಾತ ಬಿದ್ದುಕೊಂಡು ಮಗುವನ್ನು ಎದೆಯ ಮೇಲೆ ಹಾಕಿಕೊಂಡೆ. ಅದು ಎರಡು ಸಲ ಮೂಗು ಉಜ್ಜಿ ಮಲಗಿತು. ನಾನೂ ಮಲಗಿದೆ. ಹನ್ನೆರಡೂಕಾಲಿಗೆ ಎಚ್ಚರವಾದಾಗ ಬನಿಯನ್ನು ಜೊಲ್ಲಿನಲ್ಲಿ ತೊಯ್ದು ತಣ್ಣಗಾಗಿತ್ತು. ಅದಕ್ಕಿಂತ ಸುಖವಾದ ನಿದ್ದೆ ನಾನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ.

ಶೀಟಿನಲ್ಲಿ ಹನ್ನೊಂದು ಎಂದು ಬರೆಯಲು ಪೆನ್ನು ಎತ್ತಿದೆ. ಮುಂದಕ್ಕೆ ತಳ್ಳುತ್ತೇನೆ ಎಂದು ಮಾತು ಕೊಟ್ಟವನು ನಾನು. ನಿದ್ದೆಯ ಮನೆಯಲ್ಲಿ ಸೊನ್ನೆ ಬರೆದೆ, ಅಂದರೆ ಮಗು ಮಲಗಲಿಲ್ಲ. ಅದು ಒಂದು ದಿನದ ಸುಳ್ಳು. ಮಾರನೆಯ ದಿನವೂ ಹನ್ನೊಂದಕ್ಕೆ ಚಾಪೆ ಕರೆಯಿತು. ಅಲ್ಲಿಂದ ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು ಬೆಳೆಯತೊಡಗಿದರು. ಶೀಟಿನ ಮೇಲಿನ ಮಗು ಹೇಳಿದಂತೆ ಕೇಳುತ್ತಿತ್ತು. ಬೆಳಿಗ್ಗೆಯೆಲ್ಲ ಆಡಿಕೊಂಡಿದ್ದು ಮಧ್ಯಾಹ್ನದ ನಿದ್ದೆಗೆ ಸಿದ್ಧವಾಗಿ ಅಜ್ಜಿಯ ಕೈಗೆ ಹೋಗುತ್ತಿತ್ತು. ಚಾಪೆಯ ಮೇಲಿನ ಮಗು ಒಂದೂಕಾಲು ಗಂಟೆ ನಿದ್ದೆ ಹೊಡೆದು, ಹಿತ್ತಿಲಲ್ಲಿ ಹೊರೆ ಇಳಿಸಿದ ಸದ್ದು ಕೇಳುವ ಮೊದಲು ನನ್ನಿಂದ ಎಬ್ಬಿಸಿಕೊಂಡು, ಮುಖಕ್ಕೆ ನೀರು ಹಾಕಿಸಿಕೊಂಡು, ಕೆಟ್ಟ ಮೂಡಿನಲ್ಲಿ ಕೂತಿರುತ್ತಿತ್ತು.

ಅವ್ವ ಬರುವಳು, ಶೀಟು ನೋಡುವಳು, ಪಾಪ ಬೆಳಿಗ್ಗೆಯಿಂದ ಮಲಗಿಲ್ಲ ಎಂದು ಲೊಚಗುಟ್ಟುವಳು. ನಾನು ಊಟದ ಡಬ್ಬಿ ಹಿಡಿದು ಬಸ್ಸಿಗೆ ಓಡುವೆ. ಆಮೇಲೆ ಸಂಜೆ ಆರರವರೆಗೆ ಏನು ನಡೆಯುತ್ತಿತ್ತು ಎನ್ನುವುದು ನನಗೆ ಮಂಜುಳನ ಬಾಯಿಂದ ಗೊತ್ತಾಗುತ್ತಿತ್ತು. ಮುದ್ದೆ ಸಾರು ತಿನ್ನಿಸಿ, ತೊಡೆಯ ಮೇಲೆ ಹಾಕಿಕೊಂಡು ತಟ್ಟಿದರೂ ಮಗು ಕಣ್ಣು ಮುಚ್ಚದು. ಎತ್ತಿಕೊಂಡು ಅಡ್ಡಾಡಿದರೆ ಭುಜ ಕಚ್ಚುವುದು. ಕೆಳಗೆ ಬಿಟ್ಟರೆ ಹುಳದ ಮನೆಯ ಬಾಗಿಲಿಗೆ ಹೋಗಿ ಬಡಿಯುವುದು. ಹಾಡು ಹೇಳಿದರೆ ಕೈಯಿಂದ ಅಜ್ಜಿಯ ಬಾಯಿ ಮುಚ್ಚುವುದು.

ಇದೇ ಹೊತ್ತಿಗೆ ದವಡೆ ಹಲ್ಲುಗಳು ನನ್ನ ಸಹಾಯಕ್ಕೆ ಬಂದವು. ಮೇಲಿನ ಒಸಡು ಎರಡೂ ಕಡೆ ಊದಿ ಕೆಂಪಗಾಗಿತ್ತು, ಜೊಲ್ಲಿಗೆ ಗಲ್ಲವೆಲ್ಲ ಗುಳ್ಳೆ ಎದ್ದಿತ್ತು. ಅವ್ವನೂ ಮಂಜುಳನೂ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲಿನ ನರ್ಸಮ್ಮ ಬಾಯಿಗೆ ಟಾರ್ಚು ಬಿಟ್ಟು ನೋಡಿ, "ಒಣ್ಣುಂ ಇಲ್ಲಮ್ಮಾ, ಪಲ್ಲುದಾನ್," ಅಂದಳಂತೆ. ಏನೂ ಇಲ್ಲ, ಹಲ್ಲೇ. ಸರ್ಕಾರಿ ಮುದ್ರೆ ಬಿದ್ದಂತಾಯಿತು. ಅಲ್ಲಿಂದ ಮಗು ಅತ್ತರೆ ಹಲ್ಲು, ಉಣ್ಣದಿದ್ದರೆ ಹಲ್ಲು, ಮಲಗದಿದ್ದರಂತೂ ಹಲ್ಲೇ ಹಲ್ಲು. ಶೀಟಿನಲ್ಲಿ ಹಲ್ಲಿನ ಮನೆಯನ್ನು ನಾನು ಬಹಳ ಶ್ರದ್ಧೆಯಿಂದ ತುಂಬಿದೆ. ಅಲ್ಲಿ ಬರೆದದ್ದೆಲ್ಲ ನಿಜ.

ಅವ್ವ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ರಾಗಿರೊಟ್ಟಿಯ ಗಟ್ಟಿ ಅಂಚು ಕಡಿಯಲು ಕೊಟ್ಟಳು, ತಣ್ಣನೆ ಕ್ಯಾರೆಟ್ಟು ಕೊಟ್ಟಳು, ಬೆರಳಿಗೆ ತುಪ್ಪ ಹಚ್ಚಿಕೊಂಡು ಒಸಡು ತಿಕ್ಕಿದಳು. ಬಜೆ ತೇಯ್ದು ಹಚ್ಚಬೇಕೆಂದು ಅವಳ ಆಸೆ. ಆದರೆ ಬಜೆಯ ವಾಸನೆ ಕೈಗೆ ಹತ್ತಿದರೆ ಹುಳದ ಮನೆಗೆ ಹೋಗುವಂತಿಲ್ಲ, ಹಾಗಾಗಿ ಆ ಕೆಲಸ ಸಂಜೆ ಮಂಜುಳನ ಪಾಲಿಗೆ ಬೀಳುತ್ತಿತ್ತು. ಮೊದಮೊದಲು ಅವ್ವನಿಗೆ ಧೈರ್ಯವಿತ್ತು. ಹುಳ ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ತಲೆಯೆತ್ತಿ ಮಂಕಾಗಿ ಕೂರುತ್ತದೆ, ಎದ್ದ ಮೇಲೆ ಹಿಂದಿನ ಎರಡರಷ್ಟು ತಿನ್ನುತ್ತದೆ. ಮಗುವೂ ಹಾಗೇ, ಈ ಹಲ್ಲೊಂದು ದಾಟಲಿ ಎನ್ನುತ್ತಿದ್ದಳು. ಆ ಮಾತು ಕೇಳಿ ನನಗೂ ಸಮಾಧಾನವಾಗುತ್ತಿತ್ತು. ನಿದ್ದೆ ಕದ್ದವನಿಗೆ ಸಮಾಧಾನ ಎಲ್ಲಿ ಸಿಕ್ಕಿದರೂ ಬೇಕು.

ಹುಳ ಕಾಯಲಿಲ್ಲ. ಕೊನೆಯ ವಾರ ಹುಳದ ಹಸಿವು ಹೇಗಿರುತ್ತದೆ ಎಂದರೆ ಬಾಗಿಲಾಚೆಗೂ ಸೊಪ್ಪು ತಿನ್ನುವ ಸದ್ದು ಕೇಳುತ್ತದೆ. ಆಗ ಮಧ್ಯಾಹ್ನದ ಸೊಪ್ಪು ತಪ್ಪುವಂತಿಲ್ಲ. ಮಗುವನ್ನು ಒಳಗೆ ಕರೆದೊಯ್ಯುವಂತಿಲ್ಲ, ಹೊರಗೆ ಒಂಟಿಯಾಗಿ ಬಿಡುವಂತಿಲ್ಲ. ಅವ್ವ ಬಾಗಿಲ ಹೊರಗೆ ಮಗುವನ್ನು ಕೂರಿಸಿ, ಅದು ಕಿರುಚುವುದನ್ನು ಕೇಳುತ್ತಲೇ ಒಳಗೆ ಓಡಿ ಅಷ್ಟಿಷ್ಟು ಸೊಪ್ಪು ಎರಚಿ ಬರುತ್ತಿದ್ದಳು. ಹುಳ ಸಾಕುವ ಒಂದು ತಟ್ಟೆಗೆ ಹೆಚ್ಚು, ಇನ್ನೊಂದಕ್ಕೆ ಕಮ್ಮಿ. ಕೆಲವು ದಿನ ಮಂಜುಳ ಬರುವವರೆಗೂ ಅದೂ ಆಗುತ್ತಿರಲಿಲ್ಲ. ಹುಳ ಹಣ್ಣಾಗುವಾಗ, ಅಂದರೆ ಗೂಡು ಕಟ್ಟಲು ಸಿದ್ಧವಾಗುವಾಗ, ಒಂದೇ ಸಲ ಆಗಲಿಲ್ಲ. ಕೆಲವು ಗೂಡು ಕಟ್ಟಿದವು, ಕೆಲವು ಚಂದ್ರಿಕೆಯ ಮೇಲೆ ಸುಮ್ಮನೆ ಅಲೆದಾಡಿ ಸತ್ತವು. ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಕಟ್ಟಿದ ಗೂಡುಗಳೂ ಬೆರಳಲ್ಲಿ ಒತ್ತಿದರೆ ತಗ್ಗುತ್ತಿದ್ದವು. ಅವ್ವ ಅವನ್ನು ಒಂದೊಂದೇ ಒತ್ತಿ ನೋಡುತ್ತ ಕೂತಿದ್ದು ನನಗೆ ನೆನಪಿದೆ.

ಮುಂದಿನ ಬೆಳೆಯೂ ಹಾಗೇ ಆಯಿತು. ಅವತ್ತು ಮಂಜುಳ, ತಾನು ಕೆಲಸ ಬಿಡುತ್ತೇನೆ ಎಂದಳು. ಅವ್ವ ಒಪ್ಪಲಿಲ್ಲ. "ನೀನು ಬಿಡಬ್ಯಾಡ. ಹಲ್ಲು ಬರೋ ಮಗೀನ ಇಟ್ಕೊಂಡು ಹುಳ ಸಾಕಕ್ಕಾಗಲ್ಲ. ನಾನೇ ಬುಡ್ತೀನಿ," ಅಂದಳು. ನಾನು ಆಗ ಗೋಡೆಗೆ ಒರಗಿ ನಿಂತಿದ್ದೆ. ಏನಾದರೂ ಹೇಳಬೇಕೆಂದು ಮೂರು ಸಲ ಅನ್ನಿಸಿತು. ಮೂರು ಸಲವೂ ಸ್ವಲ್ಪ ದಿನ ನೋಡೋಣ ಅಂದೆ.

ಜವಳಗಿರಿ ಕಡೆಯ ನೆಂಟರು ಟೆಂಪೋ ತಂದು ತಟ್ಟೆ, ಚಂದ್ರಿಕೆ ಎಲ್ಲ ತುಂಬಿಕೊಂಡು ಹೋದರು. ಆನೆ ಬರುವ ಜಾಗದಲ್ಲಿ ಬೇರೆ ಬೆಳೆ ನಿಲ್ಲುವುದಿಲ್ಲ, ಮನೆಯೊಳಗಿನ ಹುಳವಾದರೂ ಉಳಿಯಲಿ ಎಂದು ಅವರ ಲೆಕ್ಕ. ಅವತ್ತು ನನಗೆ ವಾರದ ರಜೆ. ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದೆ. ಅವ್ವ ಒಂದೊಂದು ಚಂದ್ರಿಕೆಯನ್ನೂ ತಾನೇ ತಂದು ಕೊಡುತ್ತಿದ್ದಳು, ಎಲ್ಲಿ ದಾರ ಸಡಿಲವಾಗಿದೆ, ಯಾವುದನ್ನು ಬಿಸಿಲಿಗೆ ಹಾಕಬೇಕು ಎಂದು ಹೇಳುತ್ತಿದ್ದಳು. ಹನ್ನೊಂದು ಗಂಟೆಯಾಯಿತು. ಮಗು ನನ್ನ ಭುಜದ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು. ಅವ್ವ ನೋಡಿ, "ಇವತ್ತೇನು ಇಷ್ಟು ಬೇಗ ಮಲಗ್ಬುಟ್ಲು?" ಅಂದಳು. ಬಿಸಿಲಿಗೆ ಇರಬೇಕು ಎಂದೆ. ನಾಚಿಕೆಯಾಯಿತು, ಆದರೂ ಎಂದೆ.

ಆಮೇಲಿನದು ಬೇಗ ಮುಗಿಯುತ್ತದೆ. ಟೆಂಪೋ ಹೋದ ವಾರಕ್ಕೆ ನನಗೆ ಜನರಲ್ ಶಿಫ್ಟು ಸಿಕ್ಕಿತು. ನಾನೂ ಬೆಳಿಗ್ಗೆಯೇ ಮನೆ ಬಿಡತೊಡಗಿದೆ, ಹನ್ನೊಂದರ ಚಾಪೆ ಎತ್ತಿಟ್ಟಾಯಿತು. ಮಗು ದಿನವೆಲ್ಲ ಅವ್ವನ ಜೊತೆ. ಹದಿನೈದು ದಿನ ಕಳೆಯುವುದರೊಳಗೆ ಅದು ಊಟ ಮಾಡಿ ಅವ್ವನ ತೊಡೆಯ ಮೇಲೆ ಎರಡು ಗಂಟೆ ಜಗ್ಗದಂತೆ ಮಲಗತೊಡಗಿತು. ದವಡೆ ಹಲ್ಲು ಹೊರಗೆ ಬಂತು ನೋಡಿ, ಅದಕ್ಕೇ ಎಂದು ಮಂಜುಳ ಹೇಳಿದಳು. ಅವ್ವ ಹೂಂ ಎಂದಳು. ಮರುವರ್ಷ ಸೊಪ್ಪಿನ ಗಿಡ ಕೀಳಿಸಿ ಆ ಜಾಗಕ್ಕೆ ಕೋಸು ಹಾಕಿದೆವು, ಈಗಲೂ ಕೋಸೇ. ಹುಳದ ಮನೆಯಲ್ಲಿ ನನ್ನ ಗಾಡಿ, ವಾಷಿಂಗ್ ಮೆಷಿನ್ನು, ಮುರಿದ ಎರಡು ಕುರ್ಚಿ ಇವೆ. ಯಾರೂ ಅವ್ವನನ್ನು ಹುಳ ನೋಡಲು ಕರೆಯುವುದಿಲ್ಲ. ಮನೆಯಲ್ಲಿ ಹುಳ ಇಲ್ಲದವಳ ಮಾತನ್ನು ಕೇಳುವುದು ಹೇಗೆ ಎಂದು ಅವರಿಗೂ ಅನ್ನಿಸಿರಬಹುದು. ಉಳಿದದ್ದು ತಮಾಷೆ ಒಂದೇ.

ಹಲ್ಲು ಬಿದ್ದ ಮೂರನೆಯ ದಿನ ಮಗಳು ತಮಿಳು ಪಾಠ ಬರೆಯುತ್ತಿದ್ದವಳು ತಲೆಯೆತ್ತದೆ ಕೇಳಿದಳು. "ಅಪ್ಪ, ನಂಗೆ ಹಲ್ಲೇ ಬರದೆ ಇದ್ದಿದ್ರೆ ಅಜ್ಜಿ ಹುಳ ಬಿಡ್ತಿರ್ಲಿಲ್ಲ ಅಲ್ವಾ?" ತಮಾಷೆಯ ದನಿ ಅಲ್ಲ ಅದು. ಅವಳು ಇದನ್ನು ಯೋಚಿಸುತ್ತಿದ್ದಾಳೆ, ಬಹುಶಃ ಬಹಳ ದಿನದಿಂದ. ನೆಂಟರು ಗಲ್ಲ ಹಿಡಿದಾಗಲೆಲ್ಲ ನಕ್ಕಿದ್ದಾಳೆ, ಒಳಗೆ ಒಪ್ಪಿಕೊಂಡೂ ಇದ್ದಾಳೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಅವ್ವನಿಗೆ ಮಾಡಿದ ಮೋಸವನ್ನು ಆರು ವರ್ಷ ಹೊತ್ತುಕೊಂಡು ತಿರುಗಿದ್ದೆ, ತಕ್ಕಮಟ್ಟಿಗೆ ಅಭ್ಯಾಸವೂ ಆಗಿತ್ತು. ಇದು ಅಭ್ಯಾಸವಾಗುವಂಥದ್ದಲ್ಲ.

ಅವ್ವ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ನಾನೂ ನಾಲ್ಕು ಕಾಯಿ ಸುಲಿದೆ. ಆಮೇಲೆ ಹೇಳಿದೆ. ಚಾಪೆ, ಶೀಟು, ಮುಖಕ್ಕೆ ಹಾಕಿದ ನೀರು, ಎಲ್ಲವನ್ನೂ. ಅವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಎಷ್ಟೊತ್ತಿಗೆ ಮಲಗ್ತಿದ್ಲು?"

"ಹನ್ನೊಂದಕ್ಕೆ."

"ದಿನಾನೂವಾ?"

"ದಿನಾನೂ."

ಈಗ ಕೈ ನಿಂತಿತು. "ಹನ್ನೊಂದಕ್ಕೆ ನಾನು ಸೊಪ್ಪು ಕುಯ್ದಾಕಿ ಹೊಂಗೆ ಮರದ ತಾವ ಸುಮ್ನೆ ಕುಂತಿರ್ತಿದ್ದೆ ಕಣ್ಲಾ. ಬ್ಯಾಗ ಬಂದ್ರೆ ಮಗು ನನ್ನೇ ಎತ್ಕೋ ಅಂತದೆ, ಅಪ್ಪನ ಜೊತೆ ಒಸಿ ಹೊತ್ತು ಇರ್ಲಿ ಅಂತ." ಇನ್ನೊಂದು ಕಾಯಿ ಎತ್ತಿಕೊಂಡಳು. "ಮಗು ಮಲಗ್ಯದೆ ಅಂತ ಒಂದ್ ಮಾತು ಹೇಳಿದ್ರೆ ಹನ್ನೊಂದಕ್ಕೇ ಬಂದು ಸೊಪ್ಪು ಇಕ್ತಿದ್ದೆ. ಇನ್ನೊಂದು ಸಲ ಮಂಜುಳ ಬಂದ್ಮ್ಯಾಕೆ ಇಕ್ತಿದ್ದೆ. ಹುಳಕ್ಕೇನು ನಿಮ್ ಕಂಪ್ನಿ ಸೈರನ್ ಕೇಳಿಸ್ತದಾ?"

ಇಷ್ಟೇ. ಸೊಪ್ಪು ಹಾಕುವ ಹೊತ್ತನ್ನು ಮೂರು ಗಂಟೆ ಹಿಂದಕ್ಕೆ ತಂದಿದ್ದರೆ ಮುಗಿಯುತ್ತಿತ್ತು. ನಾನು ಮಲಗಬಹುದಿತ್ತು, ಮಗು ಮಲಗಬಹುದಿತ್ತು, ಹುಳ ಗೂಡು ಕಟ್ಟಬಹುದಿತ್ತು. ನನ್ನ ನಿದ್ದೆ ಯಾರಿಗೂ ಹಾನಿ ಮಾಡಿರಲಿಲ್ಲ, ಎಲ್ಲ ಹಾನಿಯನ್ನೂ ಶೀಟು ಮಾಡಿತ್ತು. ಇದು ಆರು ವರ್ಷದಲ್ಲಿ ಒಂದು ಸಲವೂ ನನಗೆ ಹೊಳೆದಿರಲಿಲ್ಲ. ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು.

ಎರಡು ದಿನ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಕೂತರೆ, ನಿಮ್ಮಪ್ಪಂಗೆ ಇನ್ನರ್ಧ ಮುದ್ದೆ ಬೇಕಾ ಕೇಳು ಎಂದು ಮಗಳ ಕೈಲಿ ಕೇಳಿಸುತ್ತಿದ್ದಳು. ಮಂಜುಳನಿಗೂ ಹೇಳಿದ್ದೆ. ತಾನು ಕೆಲಸಕ್ಕೆ ಹೋದದ್ದರಿಂದಲೇ ಅತ್ತೆಯ ಹುಳ ಹೋಯಿತು ಎಂದು ಅವಳೂ ಇಷ್ಟು ದಿನ ಅಂದುಕೊಂಡಿದ್ದಳಂತೆ. ಅದೊಂದು ಮಾತು ಹೇಳಿ ಬಟ್ಟೆ ಮಡಿಸಲು ಹೋದಳು. ಒಂದು ಸುಳ್ಳಿನ ಕೆಳಗೆ ಮಗಳೂ ಹೆಂಡತಿಯೂ ತಮ್ಮ ತಮ್ಮ ತಪ್ಪನ್ನು ಬಚ್ಚಿಟ್ಟುಕೊಂಡಿದ್ದರು. ನಾನು ಮಾತ್ರ ಆರಾಮವಾಗಿ ಉಂಡು ತಿರುಗುತ್ತಿದ್ದೆ.

ಮೂರನೆಯ ದಿನ ಊಟದ ಹೊತ್ತಿಗೆ ಅವ್ವ ಮಗಳನ್ನು ಹತ್ತಿರ ಕೂರಿಸಿಕೊಂಡಳು. "ನಿನ್ ಹಲ್ಲಲ್ಲ ಕಣಮ್ಮಿ. ನಿಮ್ಮಪ್ಪ ಸುಳ್ಳು ಬರೆದಿದ್ದ," ಅಂದಳು. ಮಗಳು ನನ್ನ ಮುಖ ನೋಡಿದಳು. ಹೌದು ಎಂದೆ. ತಟ್ಟೆಯಲ್ಲಿದ್ದದ್ದನ್ನು ಬೇಗ ಬೇಗ ತಿಂದು ಆಡಲು ಓಡಿದಳು. ಅವಳು ಹೋದ ಮೇಲೆ ಅವ್ವ ತಟ್ಟೆ ತೆಗೆಯುತ್ತ ನನ್ನ ಕಡೆ ನೋಡದೆಯೇ ಹೇಳಿದಳು.

"ಹಲ್ಲು ಅಂತ ನಿಮ್ಗೆ ಹೇಳ್ದೆ. ನಾನು ಬುಟ್ಟಿದ್ದು ಅದಕ್ಕಲ್ಲ. ನನ್ ಕೈಯಾಗಿನ ಹುಳದ ವಾಸ್ನೆಗೆ ಮಗು ನನ್ ತೊಡೆ ಮ್ಯಾಲೆ ಮಲಗಲ್ಲ ಅಂದ್ಕೊಂಡೆ."

ಹುಳ ಹೋಗಿ ಹದಿನೈದು ದಿನಕ್ಕೆ ಮಗು ತೊಡೆಯ ಮೇಲೆ ಮಲಗಿದಾಗ ಅವ್ವನ ಅನುಮಾನ ಖಾತ್ರಿಯೇ ಆಗಿಹೋಗಿರಬೇಕು. ಮಗಳನ್ನು ಮುಟ್ಟುವ ಮೊದಲು ಅವಳು ಬಚ್ಚಲಿಗೆ ಹೋಗಿ ಮೊಣಕೈಯವರೆಗೆ ಸೋಪು ಹಾಕಿ ತೊಳೆಯುತ್ತಿದ್ದಳು, ಮೊನ್ನೆ ಮೊನ್ನೆಯವರೆಗೂ. ಜಡೆ ಹಾಕುವ ಮೊದಲು, ತುತ್ತು ಕಲಸುವ ಮೊದಲು, ಸ್ಕೂಲಿನಿಂದ ಬಂದವಳ ಚೀಲ ಇಳಿಸುವ ಮೊದಲು. ಹುಳದ ಮನೆಯ ಶುದ್ಧಿ ಹಾಗೇ ಉಳಿದುಕೊಂಡಿದೆ ಎಂದು ನಾನು ಮೆಚ್ಚಿಕೊಂಡು, ಮಗಳಿಗೂ ಅಜ್ಜಿಯನ್ನು ನೋಡಿ ಕಲಿ ಎಂದು ಹೇಳಿದ್ದೆ. ಹುಳವೇ ಇಲ್ಲದ ಕೈಯಿಂದ ಅವಳು ಆರು ವರ್ಷದಿಂದ ಏನನ್ನು ತೊಳೆಯುತ್ತಿದ್ದಾಳೆ ಎಂದು ನಾನು ಕೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಮಗಳಿಗೆ ಸ್ಕೂಲಿಗೆ ಹೊತ್ತಾಗಿತ್ತು. ಅವ್ವ ಕೋಸಿನ ತೋಟದಿಂದ ಬಂದಳು. ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಮಾತಾಡಿಸೆಂದು ಕೇಳುವ ಧೈರ್ಯ ನನಗೂ ಇಲ್ಲ. ಬಾ ಇಲ್ಲಿ ಎಂದು ಮಗಳನ್ನು ಕರೆದು, ಮಣ್ಣಾದ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು, ಹಾಗೆಯೇ ಜಡೆ ಹಾಕಲು ಕೂತಳು.